ಮಲಿಕಾಳ ಕೂದಲಿನ ರಿಪೋರ್ಟ್

ಇಳಕಲ್ಲ
೯ ಜೂನ್ ೨೦೨೪

ಬೇಟಾ ಫರಹಾನಾ,

ಅಂದ್ರ ನಾ ಹೇಳೂದು ಇಷ್ಟ, ಬಣ್ಣದ್ದ ತಪ್ಪು ಆಗಿದ್ರ ಅದರ ವಿಷ ಮೊದಲ ನನಗ ಹತ್ತಬೇಕಿತ್ತು. ನಿನ್ನೆ ಫೋನಿನಾಗ ಈ ಮಾತು ಅರ್ಧಾ ಆಗಿತ್ತು, ನೀ ಇಟ್ಟುಬಿಟ್ಟಿ. ಉಳಿದ ಅರ್ಧಾ ಈಗ ಹಾಳಿ ಮ್ಯಾಲೆ. ಉರ್ದುದಾಗ ಜಗಳಾ ಆಡಿದ್ವಿ, ಕನ್ನಡದಾಗಾದ್ರೂ ಸಮಾಧಾನ ಇರಲಿ.

ಕಾಲೇಜ್ ಬಿಟ್ಟಾಗಿಂದ ಈ ಕೈ ನೂಲಿನ ಬಣ್ಣದ ಹಂಡೆದಾಗ ಐತಿ. ಉಗುರಿನ ಸಂದ್ಯಾಗಿನ ಕೆಂಪು ನನ್ನ ಮದುವಿ ದಿನಾನೂ ಹೋಗಿರಲಿಲ್ಲ, ನಿನ್ನ ಅಮ್ಮೀನ ಮಣ್ಣಿಗೆ ಇಟ್ಟ ದಿನಾನೂ ಹೋಗಿರಲಿಲ್ಲ. ನನ್ನ ತಲಿ ನೆಟ್ಟಗ ಐತಿ. ನೀ ಹುಟ್ಟಿದ್ದೂ ಇದ ಮನಿಯಾಗ. ಒಣಾಕ ಹಾಕಿದ ನೂಲಿನ ಕೆಳಗ ನಿನ್ನ ತೊಟ್ಟಿಲಾ ಇರತಿತ್ತು, ಹನಿ ಬಿದ್ದು ನಿನ್ನ ಕುಲಾಯಿ ಹಸರಾಗಿತ್ತು. ಅಂಥಾಕಿ ನೀ ಡಿ.ಎಡ್. ಫಸ್ಟ್ ಕ್ಲಾಸ್ ಪಾಸಾದಿ. ಬಾಗಲಕೋಟಿ ಕಾಲೇಜಿನಾಗ ಲಾಜಿಕ್ ಸರ್ ಹೇಳ್ತಿದ್ರು, ಕಾಸ್ ಅಂಡ್ ಎಫೆಕ್ಟ್, ಕಾಸ್ ಇದ್ದಲ್ಲಿ ಎಫೆಕ್ಟ್ ಇರಬೇಕು ಅಂತ. ಇಲ್ಲಿ ಕಾಸ್ ಇಷ್ಟು ವರ್ಷದ್ದು ಐತಿ, ಎಫೆಕ್ಟ್ ಎಲ್ಲಿ? ಹೆನ್ಸ್ ಪ್ರೂವ್ಡ್. ಅದು ಗಣಿತದಾಗಿಂದು ಇರಬೇಕು, ಇರಲಿ.

ಖರೆ ಹೇಳ್ಲೇನು, ನನಗ ಸಿಟ್ಟು ಬಂದಿದ್ದು ನನ್ನ ಮ್ಯಾಲ. ಆ ಕ್ಲಿನಿಕ್ ಹುಡುಕಿ ತಂದವ ಯಾರು? ನಾನ. ನನ್ನ ಮೊಮ್ಮಗಳು ಮಲಿಕಾಗ ಆರು ತುಂಬಿದ್ರೂ ಒಂದು ಮಾತಿಲ್ಲ, ಹೆಸರು ಹಿಡದು ಕರದ್ರ ತಿರುಗಿ ನೋಡೂದಿಲ್ಲ. ಆಟಿಸಂ ಅಂದ್ರು. ಇದಕ್ಕ ಗುಳಿಗಿ ಇಲ್ಲ, ತರಬೇತಿ ಕೊಡಸ್ರಿ ಅಂದ್ರು. ಗುಳಿಗಿ ಇಲ್ಲದ ಬ್ಯಾನಿ ಎಲ್ಲರ ಇರತೈತೇನು ಅಂತ ನಾ ಊರೂರು ಕೇಳ್ಕೋತ ಹೊಂಟ್ನಿ. ಸೀರಿ ಒಯ್ಯಾಕ ಬಂದ ಗಿರಾಕಿ ಒಬ್ಬ ಮೊಬೈಲಿನಾಗ ವಿಡಿಯೋ ತೋರಿಸಿ, ಬಯೋಮೆಡಿಕಲ್ ಅಂತ ಬ್ಯಾರೆ ದಾರಿ ಐತ್ರಿ ಕಾಕಾ ಅಂದ. ಬಯೋ ಅಂದ್ರ ಜೀವ, ಮೆಡಿಕಲ್ ಅಂದ್ರ ಔಷಧದ ಅಂಗಡಿ. ಎರಡೂ ಕೂಡಿದ ಮ್ಯಾಲೆ ಇನ್ನೇನು ಬೇಕು ಅಂತ ನಂಬರ್ ತಗೊಂಡು ಅಳಿಯ ಶಕೀಲನ ಕೈಯಾಗ ಕೊಟ್ಟವ ನಾನ.

ಪರ ಊರಿನ ಕ್ಲಿನಿಕ್. ವಿಡಿಯೋದಾಗ ಮಾತಾಡಿದ್ರು, ಹುಡುಗಿ ಕೂದಲಾ ಕಳಸ್ರಿ ಪರೀಕ್ಷಾ ಮಾಡ್ತೇವಿ ಅಂದ್ರು. ಕಳಿಸಿದ್ವಿ. ಈಗ ಕೂದಲಿನಾಗ ಸೀಸ ಐತಿ, ಇನ್ನೂ ಏನೇನೋ ಲೋಹ ಐತಿ ಅಂತ ರಿಪೋರ್ಟ್ ಬಂತು. ನಿಮ್ಮ ಮಂದಿಯೊಳಗ ಯಾರರ ಬಣ್ಣದ ಕೆಲಸ ಮಾಡ್ತಾರೇನು ಅಂತ ಅವರು ಕೇಳಿದ್ದಕ್ಕ ನಿನ್ನ ಗಂಡ ಒಂದು ಉಸಿರಿನಾಗ 'ನಮ್ಮ ಮಾವ' ಅಂದನಂತ. ಶಕೀಲ ಮೋಟಾರ್ ರಿಪೇರಿ ಮಾಡ್ತಾನ, ದಿನಾ ತಂತಿಗೆ ಬೆಸಗಿ ಹಾಕ್ತಾನ. ಅದರಾಗ ಸೀಸ ಇರೂದಿಲ್ಲೇನು? ಕೇಳಿ ನೋಡು.

ಲೋಹ ತಗಿಯಾಕ ಡ್ರಿಪ್ ಹಾಕ್ತಾರಂದಿ, ಹಾಕಲಿ. ನಾನ ಹುಡುಕಿದ ಡಾಕ್ಟರು, ನಾ ಯಾವ ಬಾಯಿಲೆ ಬ್ಯಾಡ ಅನ್ಲಿ. ನನ್ನ ತಕರಾರು ಬ್ಯಾರೆ. ಮಲಿಕಾನ್ನ ಇನ್ನ ಇಳಕಲ್ಲಿಗೆ ಕಳಸೂದಿಲ್ಲ ಅಂದಿಯಲ್ಲ, ಅದು. ಫೋನೂ ಮಾಡಬ್ಯಾಡ್ರಿ, ನಿಮ್ಮ ದನಿ ಕೇಳಿದ್ರ ಆಕಿ ಚಪ್ಪಲಿ ಮೆಟಗೊಂಡು ಬಾಗಲಕ್ಕ ನಿಂತು ಅಳ್ತಾಳ ಅಂದಿ. ಆತು. ಪತ್ರಕ್ಕ ದನಿ ಇರೂದಿಲ್ಲ. ಆದ್ರ ಬಕ್ರೀದಿಗೆ ಒಂದು ದಿನ ಬರ್ರಿ. ಹಂಡೆಕ್ಕ ಮುಚ್ಚಳಾ ಹಾಕಿ ಖೋಲಿಗೆ ಕೀಲಿ ಹಾಕಿರತೇನಿ.

ನಿನ್ನ ಅಬ್ಬಾ
ಜಲಾಲುದ್ದೀನ


ಕೆರೂರ
೨೧ ಜೂನ್ ೨೦೨೪

ಅಬ್ಬಾ, ಸಲಾಂ.

ಪತ್ರ ಬಂತು. ನಿಮ್ಮ ಕೈ, ನಿಮ್ಮ ಹಂಡೆ, ನಿಮ್ಮ ಲಾಜಿಕ್ ಸರ್, ಎಲ್ಲಾರೂ ಅದಾರ. ಮಲಿಕಾ ಹೆಂಗದಾಳ ಅಂತ ಒಂದು ಸಾಲು ಇಲ್ಲ.

ನಾನ ಹೇಳ್ತೇನಿ. ಗೋದಿ ಬಿಡಸ್ರಿ, ಹಾಲು ಬಿಡಸ್ರಿ ಅಂತ ಕ್ಲಿನಿಕ್‌ನವರು ಹೇಳ್ಯಾರ. ನಮಗೇನು ಕಷ್ಟ, ನಾವು ಜೋಳದ ರೊಟ್ಟಿ ಮಂದಿ ಅಂತ ಅತ್ತಿ ನಕ್ಕರು. ಆದ್ರ ಆಕಿ ಮನಸಿಟ್ಟು ತಿಂತಿದ್ದದ್ದು ಒಂದ, ಬಿಸಿ ಹಾಲಿನಾಗ ನೆನಿಸಿದ ಬಿಸ್ಕೀಟ್. ಈಗ ರೊಟ್ಟಿ ಇಟ್ರ ತಾಟು ದೂಡ್ತಾಳ. ಮತ್ತ ಇಟ್ರ ತಾಟಿನ ಅಂಚು ಕಡಿತಾಳ. ರಮಜಾನಿಗೆ ನೀವು ಹೊಲಿಸಿದ ಫ್ರಾಕ್ ನಡಕ್ಕ ಸಡಲ ಆಗೇತಿ. ಮೊದಮೊದಲ ಹಂಗ, ತಡೀರಿ ಅಂತಾರ. ತಡಿಯಾಕತ್ತೇನಿ.

ಎಫೆಕ್ಟ್ ಎಲ್ಲಿ ಅಂತ ಕೇಳೀರಿ. ಮೊದಲನೇ ಬಾಣಂತನ ತವರುಮನಿಯಾಗ ಅಂತ ನಾ ಏಳು ತಿಂಗಳಿಗೆ ಇಳಕಲ್ಲಿಗೆ ಬಂದೆ. ಥಂಡಿ ದಿನ ಇದ್ವು. ಬಣ್ಣದ ಖೋಲಿ ಬಾಜೂ ಗ್ವಾಡಿ ಹಂಡೆದ ಬೆಂಕಿಗೆ ಬೆಚ್ಚಗ ಇರತೈತಿ, ನನ್ನ ಬೆನ್ನಿಗೆ ಕಾವು ಹತ್ತಲಿ ಅಂತ ಅಮ್ಮೀ ಅಲ್ಲೇ ನನ್ನ ಹಾಸಿಗಿ ಹಾಕಿಸಿದ್ಳು. ನಲವತ್ತು ದಿನದ ಚಿಲ್ಲಾ ಮುಗಿಯೂತನಕ ನಾನೂ ಕೂಸೂ ಆ ಗ್ವಾಡಿಗೆ ಹತ್ತಿ ಮಲಗಿದ್ವಿ. ಆವಿ ಬರತಿತ್ತು, ವಾಸನಿ ಬರತಿತ್ತು. ನೀವು ಮಾಡೀರಿ ಅಂತ ನಾ ಅನ್ನಾಕತ್ತಿಲ್ಲ. ಆದ್ರ ನನಗ ಈಗ ಆ ಗ್ವಾಡಿ ಬಿಟ್ರ ಬ್ಯಾರೆ ಏನೂ ನೆನಪಾಗವಲ್ದು.

ನಿಮ್ಮ ಅಳಿಯ ಅಂಗಡ್ಯಾಗ ಜಳಕಾ ಮಾಡಿ, ಅರಬಿ ಬದಲಿಸಿ ಮನಿಗೆ ಬರಾಕತ್ತಾರ. ಬೆಸಗಿ ಮಾತೂ ಅವರು ಕ್ಲಿನಿಕ್‌ನಾಗ ಹೇಳ್ಯಾರ. ನೀವು ಕೇಳಲಾರದ ಹೇಳ್ಯಾರ.

ಡ್ರಿಪ್ಪಿಗೆ ಜುಲೈ ಕಡೀ ವಾರ ಬರ್ರಿ ಅಂದಾರ. ಬಕ್ರೀದಿಗೆ ಬರಲಿಲ್ಲ. ದಾರಿ ನೋಡಿರಬೇಕು ನೀವು.

ಫರಹಾನಾ


ಇಳಕಲ್ಲ
೬ ಜುಲೈ ೨೦೨೪

ಬೇಟಾ,

ನಿನ್ನ ಪತ್ರಾ ಓದಿ ನಾ ಆ ಗ್ವಾಡಿಗೆ ಹೋಗಿ ಕೈ ಇಟ್ಟು ನಿಂತ್ನಿ. ಬೆಚ್ಚಗ ಇತ್ತು. ಗ್ವಾಡಿ ಏನು ಹೇಳತೈತಿ. ಹೇಳಾಕ ಡಾಕ್ಟರ್ ಬೇಕು. ವಿಡಿಯೋದಾಗಿನ ಡಾಕ್ಟರ್ ಅಲ್ಲ, ಎದುರಿಗೆ ಕುಂತು, ಹೌದ್ರಿ ನಿಮ್ಮದ ಬಣ್ಣ, ಇಲ್ಲಾ ನಿಮ್ಮದಲ್ಲ ಅನ್ನಾವ. ಬಯೋಮೆಡಿಕಲ್ ತಿಳದಿರಬೇಕು, ಮನಷ್ಯಾನೂ ಆಗಿರಬೇಕು. ಹಿಂಗಂತ ಹೊಂಟ್ನಿ.

ಹುನಗುಂದದಾಗಿನ ಡಾಕ್ಟರ್, ಕಾಕಾ ನಾ ನೆಗಡಿ ಜ್ವರಾ ನೋಡಾವ, ಬಾಗಲಕೋಟಿಗೆ ಹೋಗ್ರಿ ಅಂದ. ಬಾಗಲಕೋಟಿಯೊಳಗ ಒಂದು ಕಡೆ ಚೀಟಿ ಬರಿಯಾಕಿ, ಪೇಷಂಟ್ ಎಲ್ಲಿ ಅಂದ್ಳು. ಕೆರೂರದಾಗ ಅಂದ್ನಿ. ಮತ್ತ ನೀವ್ಯಾರು ಅಂದ್ಳು. ಕಾಸ್ ಅಂತ ಬಾಯಿತನಕ ಬಂದಿತ್ತು, ಅಜ್ಜ ಅಂದ್ನಿ. ಪೇಷಂಟ್ ಇಲ್ಲದ ಚೀಟಿ ಇಲ್ಲ ಅಂತ ಹೊರಗ ಕಳಿಸಿದ್ಳು. ಬಾದಾಮಿಯೊಳಗ ಒಬ್ಬಾಂವ ನಾ ಆಟಿಸಂ ಅಂದ ಕೂಡ್ಲೆ ಬಾಗಲಾ ಮುಂದ ಮಾಡಿ ಒಂದು ಡಬ್ಬಿ ಪುಡಿ ತಗದಾ. ಇದರಾಗ ಏನೈತಿ ಅಂದ್ರ, ಎಲ್ಲಾ ಐತಿ ಅಂದ. ಎಲ್ಲಾ ಅಂದ್ರ? ಎಲ್ಲಾ ಅಂದ್ರ ಎಲ್ಲಾ. ನೀರೂ ಕುಡೀಲಾರದ ಎದ್ದು ಬಂದ್ನಿ. ಬಾಜೂ ಮನಿ ಗಾಳೆಪ್ಪ ಮಗ್ಗ ಬಿಟ್ಟು ನನ್ನ ಕೂಡ ತಿರಗ್ಯಾನ. ಬಸ್ಸಿನಾಗ ಅಂತಾನ, 'ಲೇ ಜಲಾಲ, ಮಗಳಿಗೆ ವರಾ ಹುಡುಕುವಾಗ ನೀ ಇಷ್ಟು ತಿರಗಿರಲಿಲ್ಲ.' 'ಅದಕ್ಕ ಮೋಟಾರ್ ಸುತ್ತಾವ ಸಿಕ್ಕಾ' ಅಂದ್ನಿ. ಇದನ್ನ ಶಕೀಲನಿಗೆ ಓದಿ ಹೇಳಬ್ಯಾಡ.

ಕಡೀಗೆ ಬಾಗಲಕೋಟಿಯೊಳಗ ರಾಜಶ್ರೀ ಅಂತ ಮಕ್ಕಳ ಡಾಕ್ಟರ್ ಸಿಕ್ರು. ಪೇಷಂಟ್ ಇಲ್ಲಂದ್ರೂ ಒಳಗ ಕರದ್ರು. ಮುಂಜಾನಿಂದ ಮಾತಾಡಿ ಆಕಿ ಗಂಟಲಾ ಕುಂತಿತ್ತು. ನಾ ಬಸ್ಸಿನಾಗ ಜೋಡಿಸಿಟ್ಟುಕೊಂಡಿದ್ನಿ, 'ಮೇಡಮ್, ಐ ಬೆಗ್ ಟು ಸ್ಟೇಟ್ ದಟ್ ಮೈ ಗ್ರಾಂಡ್ ಡಾಟರ್' ಅಂತ ಸುರು ಮಾಡಿದ್ನಿ. ಕನ್ನಡದಾಗ ಹೇಳ್ರಿ, ಲಗೂ ಆಗತೈತಿ ಅಂದ್ರು.

ಮೊಬೈಲಿನಾಗಿನ ರಿಪೋರ್ಟ್ ನೋಡಿ ಒಂದ ಮಾತು ಕೇಳಿದ್ರು.

'ಕೂದಲಾ ಯಾರು ಕತ್ತರಿಸಿದ್ರು?'

'ನಾನ ರಿ.'

'ಎಲ್ಲಿ ಕುಂತು?'

ನಿನಗ ಗೊತ್ತೈತೆಲ್ಲ. ಆಕಿ ಯಾರಿಗೂ ತಲಿ ಮುಟ್ಟಗೊಡೂದಿಲ್ಲ. ಬಣ್ಣದ ಖೋಲ್ಯಾಗ ಹಸಿ ನೂಲು ತೂಗ ಹಾಕಿದ್ರ ಅದರ ಕೆಳಗ ಹನಿ ನೋಡ್ಕೋತ ಕುಂದರತಾಳ, ಆವಾಗ ಮಾತ್ರ ಸುಮ್ಮಿರತಾಳ. ರಮಜಾನ್ ತಿಂಗಳು ನೀವು ಇಲ್ಲಿದ್ದಾಗ ಹಂಗ ಕುಂದ್ರಿಸಿ ಹಿಂದಿನ ಕುತ್ತಿಗಿ ಕಡೆ ಒಂದಿಷ್ಟು ಕತ್ತರಿಸಿದ್ನಿ. ನೂಲು ಕತ್ತರಿಸೂ ಕತ್ತರಿ. ಕೈ ಒರಸ್ಕೊಂಡಿದ್ನಿ, ತೊಳದಿರಲಿಲ್ಲ. ತೊಳಿಯಾಕ ಹೋದ್ರ ಆಕಿ ಎದ್ದು ಹೋಗ್ತಿದ್ಳು. ಬಣ್ಣದ ಪುಡಿ ಬಂದ ಹಾಳ್ಯಾಗ ಸುತ್ತಿ ಶಕೀಲನಿಗೆ ಕೊಟ್ನಿ. ಇಷ್ಟೂ ಹೇಳಿದ್ನಿ.

ಮೇಡಂ ಪೆನ್ ಕೆಳಗಿಟ್ರು. 'ಅಜ್ಜಾರ, ಇದು ಹುಡುಗಿ ರಿಪೋರ್ಟ್ ಅಲ್ಲ. ನಿಮ್ಮ ಕತ್ತರಿ ರಿಪೋರ್ಟ್' ಅಂದ್ರು. ಕೂದಲಾ ಹೊರಗಿಂದೂ ಹಿಡಕೊಳತೈತಂತ, ಅದರ ಮ್ಯಾಲೆ ಏನೂ ಹೇಳಾಕ ಬರೂದಿಲ್ಲಂತ. ನರದಾಗಿನ ರಕ್ತಾ ತಗದು ನೋಡಬೇಕು. ಬಣ್ಣದ ಮನಿಗೆ ಬಂದು ಹೋಗೂ ಕೂಸು, ಅದಕ್ಕ ನೋಡೂದ ಒಳ್ಳೇದು, ನಿಮ್ಮ ಹಂಡೆ ಶುದ್ಧ ಅಂತ ನಾ ಹೇಳಾಕತ್ತಿಲ್ಲ ಅಂದ್ರು. ಇನ್ನೊಂದು ಹೇಳಿದ್ರು, ಅದನ್ನ ಶಕೀಲನಿಗೆ ಓದಿ ಹೇಳು. ಆ ಡ್ರಿಪ್ ಸೀಸದ ವಿಷ ಖರೇನ ಏರಿದವರಿಗೆ, ದೊಡ್ಡ ಆಸ್ಪತ್ರಿಯೊಳಗ ಕಾಯ್ಕೊಂತ ಕೊಡೂದು. ಆಟಿಸಂಗೆ ಅಲ್ಲ. ಸೀಸ ಇಲ್ಲದ ಕೂಸಿಗೆ ಕೊಟ್ರ ಮೈಯಾಗಿನ ಬೇಕಾದ ಸತ್ವಾನ ಎಳಕೊಂಡು ಹೋಗತೈತಿ, ಮೂತ್ರಪಿಂಡಕ್ಕ, ಎದಿಗೆ ಪೆಟ್ಟು ಬೀಳಬಹುದು ಅಂದ್ರು.

ಹಂಗಾದ್ರ ನಮ್ಮ ಹುಡುಗಿ ಯಾಕ ಹಿಂಗ್ರಿ ಅಂತ ಕೇಳಿದ್ನಿ. ಗೊತ್ತಿಲ್ಲ ಅಂದ್ರು. ಅಷ್ಟೂರು ತಿರುಗಿ, ಗೊತ್ತಿಲ್ಲ ಅನ್ನೂದು ಕೇಳಾಕ ಅಲ್ಲಿತನಕ ಹೋದಂಗಾತು. ಆದ್ರ ಡ್ರಿಪ್ ಬ್ಯಾಡ. ನಾನ ತಂದ ಕ್ಲಿನಿಕ್, ನಾನ ಬ್ಯಾಡ ಅಂತೇನಿ.

ನಿನ್ನ ಅಬ್ಬಾ


ಕೆರೂರ
೧೪ ಜುಲೈ ೨೦೨೪

ಅಬ್ಬಾ,

ನಿಮ್ಮ ಅಳಿಯ ಕ್ಲಿನಿಕ್‌ಗೆ ಫೋನ್ ಹಚ್ಚಿದ್ರು. ಕತ್ತರಿ ಮಾತು ಹೇಳಿದ್ರು. ಅವರು ನಕ್ಕು, ಸೀಸ ರಕ್ತದಾಗ ಉಳಿಯೂದಿಲ್ಲ, ಎಲುಬಿನಾಗ ಹೋಗಿ ಕುಂದರತೈತಿ, ರಕ್ತಾ ನೋಡಿದ್ರ ಏನೂ ಕಾಣೂದಿಲ್ಲ, ಡ್ರಿಪ್ ಹಾಕಿದ ಮ್ಯಾಲ ಹೊರಗ ಬರತೈತಿ ಅಂದ್ರಂತ. ನಿಮ್ಮ ಮಾವನ ಹೊಟ್ಟಿಪಾಡಿನ ಪ್ರಶ್ನೆ, ಅವರು ಹಂಗ ಅನ್ನವರ ಅಂತಾನೂ ಅಂದ್ರಂತ.

ಸಿಟ್ಟಾಗಬ್ಯಾಡ್ರಿ. ನನಗ ಯಾರನ್ನ ನಂಬಬೇಕು ತಿಳಿಯವಲ್ದು. ಚೈತ್ರದಾಗ ಅವರ ದೇವರು ಅಂದವರು ನೀವು. ಆಷಾಢದಾಗ ಅವರ ಕಳ್ಳರು ಅನ್ನಾವರೂ ನೀವ. ನಿಮ್ಮ ರಾಜಶ್ರೀ ಮೇಡಂ ಗೊತ್ತಿಲ್ಲ ಅಂತಾರ, ಇವರು ಗೊತ್ತೈತಿ ಅಂತಾರ. ತಾಯಿ ಆದಾಕಿ ಯಾರ ಕಡೆ ಹೋಗಬೇಕ್ರಿ?

೨೯ಕ್ಕ ಟಿಕೆಟ್ ಆಗೇತಿ. ಆಕಿ ನಿನ್ನೆಯಿಂದ ನೀರು ಬಿಟ್ರ ಏನೂ ಬಾಯಿಗೆ ಹಾಕಿಲ್ಲ.

ಫರಹಾನಾ


ಇಳಕಲ್ಲ
೧೭ ಜುಲೈ ೨೦೨೪

ಫರಹಾನಾ,

ಹೊರಗ ಮೊಹರಮ್ಮಿನ ಹಲಗಿ ಬಾರಿಸಾಕತ್ತಾರ, ನನ್ನ ಮಾತು ನನಗ ಕೇಳವಲ್ದು. ಉದ್ದ ಬರಿಯೂದಿಲ್ಲ.

ರಕ್ತದಾಗ ಕಾಣೂದಿಲ್ಲ, ಕಣ್ಣಿಗೆ ಕಾಣೂದಿಲ್ಲ, ಎಲುಬಿನಾಗ ಐತಿ. ನೋಡಿದವರು ಯಾರು? ಇವರ ಔಷಧ ಹಾಕಿದ ಮ್ಯಾಲ ಮಾತ್ರ ಹೊರಗ ಬರೂದಂದ್ರ ಅದು ಲಾಜಿಕ್ ಅಲ್ಲ, ಜಾದೂ.

ಹೊಟ್ಟಿಪಾಡು ಅಂದ್ರಲ್ಲ. ಹಂಡೆ ಬೋರಲ ಹಾಕಿ ಬಂದೇನಿ. ಬೆಂಕಿ ಇಲ್ಲ. ನೂಲು ಬ್ಯಾರೆಯವರ ಕಡೆ ಕೊಟ್ಟು ಕಳಿಸೇನಿ. ನನ್ನದ ಬಣ್ಣ ಅಂತ ಬೇಕಾದ್ರ ಊರಿಗೆಲ್ಲಾ ಹೇಳು, ನಾ ಹೌದು ಅಂತೇನಿ. ಆದ್ರ ೨೯ಕ್ಕಿಂತ ಮೊದಲ ಒಂದು ಸಲ ಬಾಗಲಕೋಟಿಗೆ ಒಯ್ದು ರಕ್ತಾ ಕೊಡಸ್ರಿ. ನಾ ರಸ್ತೆದ ಆಚಿ ಕಡೆ ನಿಂತಿರತೇನಿ. ಮಲಿಕಾನ ಕಣ್ಣಿಗೆ ಬೀಳೂದಿಲ್ಲ, ನಿನ್ನ ಕಣ್ಣಿಗೂ ಬೀಳೂದಿಲ್ಲ. ಮತ್ತ ಕೂಸಿಗೆ ಹಾಲು ಕೊಡು. ಇದನ್ನ ಯಾವ ಡಾಕ್ಟರೂ ನನಗ ಹೇಳಿಲ್ಲ, ನಾ ಹೇಳಾಕತ್ತೇನಿ.

ಅಬ್ಬಾ


ಕೆರೂರ
೩ ಆಗಸ್ಟ್ ೨೦೨೪

ಅಬ್ಬಾ, ಸಲಾಂ.

ಅವತ್ತ ರಕ್ತಾ ಕೊಡಸಾಕ ಹೋದಾಗ ದವಾಖಾನಿ ಎದುರಿನ ಚಹಾದಂಗಡಿ ಕಂಬದ ಹಿಂದ ನಿಮ್ಮ ಟೊಪಗಿ ಕಾಣಾಕತ್ತಿತ್ತು. ಮಲಿಕಾ ನೋಡಲಿಲ್ಲ. ನಿಮ್ಮ ಅಳಿಯ ನೋಡಿ, ರಸ್ತೆ ದಾಟಿ ಬಂದು ನಿಮ್ಮ ಕೂಡ ಚಹಾ ಕುಡದ್ರಂತ. ಏನು ಮಾತಾಡಿದ್ರಿ ಅಂತ ಕೇಳಿದ್ರ, ಮಳಿ ವಿಷಯ ಅಂದ್ರು.

ರಿಪೋರ್ಟ್ ಮೊನ್ನೆ ಬಂತು. ಇವರು ನಿಮಗೂ ಕಳಿಸ್ಯಾರಂತ. ಚಿಂತಿ ಮಾಡೂವಷ್ಟು ಸೀಸ ಇಲ್ಲ ಅಂದ್ರು ಮೇಡಂ. ರಕ್ತಾ ಭಾಳ ಕಡಿಮಿ ಐತಿ, ಅದಕ್ಕ ಔಷಧ ಕೊಟ್ಟಾರ. ಹಾಲು, ಗೋದಿ ಏನು ತಿಂತಾಳೋ ಅದನ್ನ ಕೊಡ್ರಿ ಅಂದ್ರು. ಮನಿಗೆ ಬಂದಾಕಿನ ಹಾಲು ಕಾಸಿ ಬಿಸ್ಕೀಟ್ ನೆನಸಿ ಇಟ್ಟೆ. ಬಟ್ಟಲಾ ನೆಕ್ಕಿ ನನ್ನ ಕೈ ಹಿಡದು ಡಬ್ಬಿ ಮ್ಯಾಲೆ ಇಟ್ಳು. ಡ್ರಿಪ್ಪಿಗೆ ಹೋಗಲಿಲ್ಲ. ಇನ್ನ ಹೋಗೂದಿಲ್ಲ.

ಮೇಡಂ ಸೀಸ ಇಲ್ಲ ಅಂದಾಗ ಇವರು ಅಲ್ಹಮ್ದುಲಿಲ್ಲಾ ಅಂದ್ರು. ನನಗ ಬಾಯಿಗೆ ಬರಲಿಲ್ಲ ಅಬ್ಬಾ. ಅಷ್ಟು ದಿನ ನಾ ನಮಾಜಿನಾಗ ಏನು ಬೇಡ್ಕೊಂಡೇನಿ ಗೊತ್ತೇನ್ರಿ? ಸೀಸ ಇರಲಿ ಅಂತ. ನಮ್ಮ ಅಬ್ಬಾನ ಬಣ್ಣದ್ದ ಇರಲಿ ಅಂತ. ಇದ್ರ ತಗೀಬಹುದು. ತಗದ್ರ ಒಳಗ ಕುಂತ ನನ್ನ ಮಗಳು ಹೊರಗ ಬಂದು ಅಮ್ಮೀ ಅಂತಾಳ. ನಿಮ್ಮ ಮ್ಯಾಲಿನ ಸಿಟ್ಟಿಗೆ ಹಂಗ ಬೇಡಲಿಲ್ಲ, ಆಸೆಕ್ಕ ಬೇಡಿದೆ. ನೀವು ತಪ್ಪಿತಸ್ಥ ಆದ್ರ ನನಗ ದಾರಿ ಇತ್ತು.

ಈಗ ತಗಿಯಾಕ ಏನೂ ಇಲ್ಲ. ಒಳಗ ಬ್ಯಾರೆ ಯಾರೂ ಇಲ್ಲ. ಈ ಬಟ್ಟಲಾ ನೆಕ್ಕಿದಾಕಿನ ಆಕಿ. ಇನ್ನ ನಾ ಯಾರ ಮ್ಯಾಲೆ ಸಿಟ್ಟು ಮಾಡ್ಲಿ?

ಫರಹಾನಾ


ಇಳಕಲ್ಲ
೧೧ ಆಗಸ್ಟ್ ೨೦೨೪

ಬೇಟಾ ಫರಹಾನಾ,

ಶಕೀಲ ರಿಪೋರ್ಟ್ ಕಳಿಸಿದ ದಿನ ನಾ ಏನು ಮಾಡಿದ್ನಿ ಹೇಳ್ತೇನಿ, ಕೇಳು. ಪೇಡೆ ತಂದ್ನಿ. ಓಣ್ಯಾಗ ಮಗ್ಗ ಇದ್ದ ಮನಿಗೆಲ್ಲಾ ಹಂಚಿದ್ನಿ. ಗಾಳೆಪ್ಪ, 'ಏನಲೇ, ಮೊಮ್ಮಗಳು ಮಾತಾಡಿದ್ಳೇನು' ಅಂದ. ಇಲ್ಲ, ನಾ ಸುಟಾ ಆದ್ನಿ, ನನ್ನ ಬಣ್ಣದ ತಪ್ಪಿಲ್ಲಂತ ಅಂದ್ನಿ. ಅಂವ ಪೇಡೆ ಕೈಯಾಗ ಹಿಡಕೊಂಡು ನನ್ನ ಮುಖಾ ನೋಡ್ಕೋತ ನಿಂತಾ. ತಿನ್ನಲಿಲ್ಲ. ಇಂವಗೇನಾತು ಅಂತ ನಾ ಮುಂದಿನ ಮನಿಗೆ ಹೋದ್ನಿ. ನಿನ್ನ ಪತ್ರಾ ಬಂದ ಮ್ಯಾಲ ತಿಳೀತು ಅಂವ ಯಾಕ ತಿನ್ನಲಿಲ್ಲ ಅಂತ.

ಇದಕ್ಕ ಏನು ಬರೀಲಿ ಅಂತ ಮೊದಲ ಇಂಗ್ಲಿಷಿನಾಗ ಸುರು ಮಾಡಿದ್ನಿ, 'ವಿತ್ ರೆಫರೆನ್ಸ್ ಟು ಯುವರ್ ಲೆಟರ್' ಅಂತ. ಮುಂದಕ ಹೋಗಲಿಲ್ಲ. ಹರದ್ನಿ.

ನಿನಗ ಗೊತ್ತಿಲ್ಲದ್ದು ಒಂದು ಐತಿ. ಹೋದ ವಾರ ಒಬ್ಬನ ಹೋಗಿ ಮೇಡಂನ ಮತ್ತ ಭೆಟ್ಟಿ ಆಗಿದ್ನಿ. ಮಾತಿನ ತರಬೇತಿ ಎಷ್ಟು ದಿನ ಅಂದ್ನಿ. ದಿನಾ ಅಲ್ಲ ಅಜ್ಜಾರ, ವರ್ಷ ಅಂದ್ರು. ಆಮ್ಯಾಲೆ ಮಾತಾಡ್ತಾಳೇನ್ರಿ ಅಂದ್ನಿ. ಮತ್ತ ಅದ, ಗೊತ್ತಿಲ್ಲ. ಮಾತು ಬರಬಹುದು, ಬರಲಿಕ್ಕಿಲ್ಲ, ತನಗ ಬೇಕಾದ್ದು ತೋರಿಸಿ ಕೇಳೂದಂತೂ ಕಲಿತಾಳ ಅಂದ್ರು. ನಿನ್ನ ಕೈ ಹಿಡದು ಡಬ್ಬಿ ಮ್ಯಾಲೆ ಇಟ್ಟದ್ದು ಅದ ಅಲ್ಲೇನು? ಏನೋ. ನಾ ಡಾಕ್ಟರ್ ಅಲ್ಲ. ಈ ಬಾಯಿ ಬಂದ್ ಆಗವಲ್ದು ನೋಡು. ನಿನ್ನೆ ಹುನಗುಂದ ಬಸ್ಸಿನಾಗ ಔಷಧ ಕಂಪನಿಯಾಂವ ಬಾಜೂ ಕುಂತಿದ್ದ, ಆಟಿಸಂಗೆ ಹೊಸಾದು ಏನರ ಬಂದೈತೇನಪಾ ಅಂತ ಕೇಳಿಬಿಟ್ನಿ. ಸಾಕು ಸಾಕಂತ ಅಂದ್ಕೊಂಡ ಮ್ಯಾಲೂ ಕೇಳಿದ್ನಿ. ಇನ್ನೂ ಎಷ್ಟು ಮಂದೀನ ಕೇಳ್ತೇನೋ. ನಂಬರ್ ಮಾತ್ರ ಯಾರದೂ ತಗೊಳ್ಳೂದಿಲ್ಲ.

ತರಬೇತಿ ಬಾಗಲಕೋಟಿಯೊಳಗ, ಮಂಗಳವಾರ, ಗುರುವಾರ. ಮಂಗಳವಾರ ನೀ ಕರಕೊಂಡು ಹೋಗು. ಗುರುವಾರ ನಾ ಕೆರೂರಕ್ಕ ಬಂದು ಒಯ್ತೇನಿ, ಸಂಜಿಕ ತಂದು ಬಿಡ್ತೇನಿ. ಆ ದಿನ ನೀ ಮನಿಯಾಗ ಮಲಕ್ಕೋ. ಎಷ್ಟು ದಿನ ಆತೋ ಏನೋ ನೀ ಹಗಲೊತ್ತು ಕಣ್ಣು ಮುಚ್ಚಿ. ಬಸ್ಸಿನಾಗ ಆಕಿ ಚೀರಿದ್ರ ಚೀರಲಿ, ಮಂದಿ ನೋಡಿದ್ರ ನೋಡಲಿ. ನನಗ ಈಗ ಬ್ಯಾರೆ ಕೆಲಸಾ ಇಲ್ಲ.

ಯಾರ ಮ್ಯಾಲೆ ಸಿಟ್ಟು ಮಾಡ್ಲಿ ಅಂತ ಕೇಳಿದಿ. ನನ್ನ ಮ್ಯಾಲ ಮಾಡು. ಬಣ್ಣದ ಸಲುವಾಗಿ ಅಲ್ಲ, ಸುಮ್ನ ಮಾಡು. ನೀ ಬೈದಿದ್ದಕ್ಕ ಒಂದು ಕಾರಣ ಇತ್ತು, ಅದಕ್ಕ ಜಗಳಾ ಆಡಿದ್ನಿ. ಇನ್ನ ಕಾರಣ ಇಲ್ಲದ ಬೈ. ಹಾಲು ಉಕ್ಕಿದ್ರ ಬೈ, ಬಸ್ ತಪ್ಪಿದ್ರ ಬೈ, ಆಕಿ ಒಂದಿಡೀ ದಿನ ನಿನ್ನ ಮುಖಾ ನೋಡಲಿಲ್ಲಂದ್ರ ನನಗ ಫೋನ್ ಹಚ್ಚಿ ಬೈ. ನಿನ್ನ ಗಂಡಗ ಬೈಬ್ಯಾಡ, ಅಂವ ಅವತ್ತ ಚಹಾ ಕುಡಿಯುವಾಗ ಮಳಿ ಬಗ್ಗೆ ಏನೂ ಮಾತಾಡಲಿಲ್ಲ. ಕಪ್ಪು ಹಿಡಕೊಂಡು ಸುಮ್ಮ ಅತ್ತಾ, ಚಹಾದಂಗಡಿಯಾಂವ ಆ ಕಡೆ ಮುಖಾ ಮಾಡಿದಾ. ಇದನ್ನ ಹೇಳಬಾರದಾಗಿತ್ತೇನೋ. ಬರದ ಮ್ಯಾಲೆ ಹೊಡದು ಹಾಕೂದು ಬ್ಯಾಡ, ಇರಲಿ.

ಹೊತ್ತು ಮುಳುಗಿ ಬೆಳಕು ಹೊಂಟೈತಿ. ತಲಿ ಬಗ್ಗಿಸಿ ಬರಿಯಾಕತ್ತವಗ ತಿಳದಿಲ್ಲ, ಈಗ ನೋಡಿದ್ರ ಸಾಲು ಸಾಲಿನ ಮ್ಯಾಲ ಏರೈತಿ. ದೀಪಾ ಹಚ್ಚಾಕ ಎದ್ರ ಮತ್ತ ಕುಂದ್ರೂದಿಲ್ಲ. ಗುರುವಾರ ಬರತೇನಿ.

ನಿನ್ನ ಅಬ್ಬಾ
ಜಲಾಲುದ್ದೀನ